ಕೂಸು ಕಟ್ಟಿಕೊಂಡು ಸಿಂಗಪುರಕ್ಕೆ

"ಮೈಲಾರ ಜಾತ್ರಿಗೇ ಕೂಸು ಒಯ್ಯಬ್ಯಾಡ ಅಂತೀವಿ, ನೀ ಸಮುದ್ರ ದಾಟಿಸ್ತೀಯೇನವ್ವಾ?" ಎಂದರು ಅತ್ತೆ. ಹೂವಿನಹಡಗಲಿಯ ನಮ್ಮ ಮನೆಯವರು ಪಾಸ್‌ಪೋರ್ಟು ಕಂಡದ್ದೇ ಆಗ. ಮಗನಿಗೆ ಐದು ವರ್ಷ, ಮಗಳಿಗೆ ಒಂದೂವರೆ. ಕೂಸಿಗೂ ಬೇರೆಯೇ ಪಾಸ್‌ಪೋರ್ಟು ಬೇಕು ನೋಡ್ರಿ, ನನಗೂ ಗೊತ್ತಿರಲಿಲ್ಲ.

ಯಜಮಾನರ ಮನಸ್ಸು ಯುರೋಪಿನ ಮೇಲೆ. ನಾನು ಸಿಂಗಪುರವೇ ಆಗಲೆಂದು ಪಟ್ಟು ಹಿಡಿದೆ. ಬೆಂಗಳೂರಿನಿಂದ ನೇರ ವಿಮಾನ, ಸುಮಾರು ನಾಲ್ಕೂವರೆ ಗಂಟೆ. ಗಡಿಯಾರದ ವ್ಯತ್ಯಾಸ ಎರಡೂವರೆ ಗಂಟೆಯಷ್ಟೆ, ಮಕ್ಕಳ ನಿದ್ದೆ ಅಷ್ಟಾಗಿ ಕೆಡದು. ನಲ್ಲಿ ನೀರನ್ನೇ ಕುಡಿಯಬಹುದು. ವಿಮಾನ ಇಳಿಯುವಾಗ ಕಿವಿ ನೋಯದಂತೆ ಕೂಸಿಗೆ ಹಾಲು ಕುಡಿಸುತ್ತಾ ಕೂತೆ.

ಆದರೂ ತಪ್ಪು ಮಾಡಿದೆ. ಕೊಟ್ಟ ದುಡ್ಡು ವಸೂಲಾಗಲೆಂದು ಮೊದಲ ದಿನವೇ ಮಕ್ಕಳನ್ನು ಮೂರು ಕಡೆ ಎಳೆದಾಡಿದೆ. ರಾತ್ರಿ ಮಗನಿಗೆ ಜ್ವರ, ವಾಂತಿ. ಪರದೇಶ, ಗುರುತಿನ ಡಾಕ್ಟರಿಲ್ಲ. ಅತ್ತೆಯ ಮಾತೊಂದೇ ಕಿವಿಯಲ್ಲಿ. ಜ್ವರದ ಔಷಧಿ ದೊಡ್ಡ ಪೆಟ್ಟಿಗೆಯ ತಳದಲ್ಲಿತ್ತು, ಅಳುತ್ತಲೇ ಹುಡುಕಿದೆ. ನೀವು ಹೊರಟರೆ ಅದನ್ನೂ ಓಆರ್‌ಎಸ್ ಪೊಟ್ಟಣಗಳನ್ನೂ ಕೈಚೀಲದಲ್ಲೇ ಇಡಿ, ತಾಯಿ. ಬೆಳಗಿನ ಜಾವ ಮಗು ಬೆವರಿತು, ಜ್ವರ ಇಳಿಯಿತು.

ಆಮೇಲೆ ದಿನಕ್ಕೆ ಒಂದೇ ಜಾಗ, ಅದೂ ಮಧ್ಯಾಹ್ನದೊಳಗೆ. ಮಂಡಾಯ್‌ನಲ್ಲಿ 1973ರಲ್ಲಿ ತೆರೆದ ಮೃಗಾಲಯವಿದೆ. ಅನೇಕ ಕಡೆ ಪಂಜರದ ಬದಲು ಕಂದಕ, ನೀರು. ಕೂಸಿನ ಗಾಡಿ ತಳ್ಳಿಕೊಂಡೇ ನೋಡಬಹುದು. ಊಟಕ್ಕೆ ಸೆರಂಗೂನ್ ರಸ್ತೆ. ತಮಿಳರ ಹೋಟೆಲುಗಳಲ್ಲಿ ಇಡ್ಲಿ, ಮೊಸರನ್ನ ಸಿಕ್ಕವು. ಪಕ್ಕದಲ್ಲೇ ಹೂವಿನಂಗಡಿ. ಮಗಳು ಮಲ್ಲಿಗೆ ಮಾಲೆಗೆ ಮೂಗು ಹಚ್ಚಿ "ಅಜ್ಜಿ" ಎಂದಳು. ನಮ್ಮ ಹಡಗಲಿ ಮಲ್ಲಿಗೆಯ ಘಮ ಅದಕ್ಕೆಲ್ಲಿ ಬರಬೇಕು! ಆದರೂ ಒಂದು ಮೊಳ ಕೊಂಡು ಮುಡಿದುಕೊಂಡೆ.