ಕಾವಲುಗಾರನ ಊಟ



ಕಳೆದ ಮಳೆಗಾಲದ ಒಂದು ರಾತ್ರಿ ನಮ್ಮ ಕೊಟ್ಟಿಗೆಯಲ್ಲಿ ದೊಡ್ಡ ಅನಾಹುತವೊಂದು ಸ್ವಲ್ಪದರಲ್ಲಿ ತಪ್ಪಿತು. ತೋಟಕ್ಕೆ ಔಷಧಿ ಹೊಡೆಯುವ ಬ್ಯಾಟರಿ ಪಂಪನ್ನು ಒಣಹುಲ್ಲಿನ ಪಕ್ಕದಲ್ಲೇ ಚಾರ್ಜಿಗೆ ಹಾಕಿ ಮಲಗಿದ್ದೆ. ಮೂಲ ಚಾರ್ಜರ್ ಸಿಡಿಲಿಗೆ ಸುಟ್ಟಿದ್ದರಿಂದ ಸಂತೆಯಲ್ಲಿ ಸಿಕ್ಕ ಇನ್ನೊಂದನ್ನು ಬಳಸುತ್ತಿದ್ದೆ. ನಡುರಾತ್ರಿ ಕರು ಕೂಗಿತೆಂದು ನನ್ನಾಕೆ ಎದ್ದು ಹೋದಾಗ ಕಟುವಾದ ಹುಳಿ ವಾಸನೆ. 12 ವೋಲ್ಟಿನ ಬ್ಯಾಟರಿ ಕೈಯಿಡಲಾಗದಷ್ಟು ಕಾದು ಉಬ್ಬಿತ್ತು.

ವಿಜ್ಞಾನದ ಮೇಷ್ಟ್ರಾದ ನಾನು ಎಚ್ಚರಿಕೆ ವಹಿಸದೆ ಇರಲಿಲ್ಲ. ಬ್ಯಾಟರಿಗೆ ತಾಪ ತೋರಿಸುವ ಪುಟ್ಟ ಮಾಪಕವೊಂದನ್ನು ಅಂಟಿಸಿದ್ದೆ. ಆದರೆ ಅದರೊಳಗಿನ ಗುಂಡಿ ಸೆಲ್ ಯಾವಾಗಲೋ ಮುಗಿದು, ಬೇಕಾದ ಹೊತ್ತಿಗೇ ಅದು ಮೂಕವಾಗಿತ್ತು.

ಸೀಸ-ಆಮ್ಲ ಬ್ಯಾಟರಿ ಬಿಸಿಯಾದಷ್ಟೂ ಅದೇ ವೋಲ್ಟೇಜಿನಲ್ಲಿ ಹೆಚ್ಚು ವಿದ್ಯುತ್ತನ್ನು ಎಳೆಯುತ್ತದೆ; ಎಳೆದಷ್ಟೂ ಮತ್ತೆ ಬಿಸಿಯಾಗುತ್ತದೆ. ನಡುವೆ ತಡೆಯುವವರು ಬೇಕು.

ಮರುದಿನ ಪೇಟೆಯಲ್ಲಿ ರಿಪೇರಿ ಅಂಗಡಿ ಇಟ್ಟಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬಂದ. ಎಲ್ಲವನ್ನೂ ನೋಡಿ, "ಸಾರ್, ಕಾವಲುಗಾರನಿಗೆ ಬೇರೆ ಮನೆಯಿಂದ ಊಟ ತರಿಸಿದ್ದೀರಿ. ಊಟ ನಿಂತ ದಿನ ಅವನು ಮಲಗಿಬಿಟ್ಟ" ಎಂದ.

ಅವನು ವಿವರಿಸಿದ್ದು ಸರಳವಾಗಿತ್ತು. ಥರ್ಮಿಸ್ಟರಿನ ರೋಧ ತಾಪದೊಂದಿಗೆ ಬದಲಾಗುತ್ತದೆ. ಅದನ್ನು ಅಳೆಯಲು ಅಲ್ಪ ವಿದ್ಯುತ್ತು ಬೇಕು. ಆ ವಿದ್ಯುತ್ತನ್ನು ಚಾರ್ಜರಿನಿಂದಲೇ ಪಡೆದರೆ ಬೇರೆ ಸೆಲ್ ಬೇಡ. ಚಾರ್ಜರ್ ಕೆಲಸ ಮಾಡುವಾಗಲೆಲ್ಲ ಕಾವಲೂ ಇರುತ್ತದೆ. ದ್ವಿಲೋಹದ ಸ್ವಿಚ್ಚಿಗಾದರೋ ವಿದ್ಯುತ್ತೇ ಬೇಡ. 1 ಮೀಟರ್ ಉದ್ದದ ಹಿತ್ತಾಳೆ 100 ಡಿಗ್ರಿ ಕಾದರೆ ಸುಮಾರು 1.9 ಮಿ.ಮೀ. ಹಿಗ್ಗುತ್ತದೆ, ಕಬ್ಬಿಣ ಸುಮಾರು 1.2 ಮಿ.ಮೀ. ಅಂಟಿಕೊಂಡ ಎರಡು ಲೋಹಗಳ ಈ ವ್ಯತ್ಯಾಸವೇ ಪಟ್ಟಿಯನ್ನು ಬಾಗಿಸಿ ಸಂಪರ್ಕ ಕಡಿಯುತ್ತದೆ.

ಹೊಸ ಬ್ಯಾಟರಿ, ಅದಕ್ಕೆ ತಕ್ಕ ಚಾರ್ಜರ್ ತಂದೆವು. ಬ್ಯಾಟರಿಯ ಮೈಗೆ 45 ಡಿಗ್ರಿಯ ಪುಟ್ಟ ದ್ವಿಲೋಹ ಸ್ವಿಚ್ಚನ್ನು ಒತ್ತಿ ಕೂರಿಸಿ, ಚಾರ್ಜಾಗುವ ತಂತಿಯ ನಡುವೆ ಜೋಡಿಸಿದ. ಅದಕ್ಕೆ ಮೊದಲು ಅದನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಬಿಸಿನೀರಿಗೆ ಇಳಿಸಿ ಪರೀಕ್ಷಿಸಿದೆವು. ಟಿಕ್ ಎಂದಿತು, ಜೋಡಿಸಿದ್ದ ಟಾರ್ಚಿನ ಬಲ್ಬು ಆರಿತು.

ಆ ಸದ್ದಿಗೆ ನನಗೆ 1994ರ ಒಂಬತ್ತನೆಯ ತರಗತಿ ನೆನಪಾಯಿತು. ಸ್ಪಿರಿಟ್ ದೀಪದ ಮೇಲೆ ದ್ವಿಲೋಹ ಪಟ್ಟಿ ಬಾಗುವುದನ್ನು ತೋರಿಸುತ್ತಿದ್ದೆ. ಇದೇ ಹುಡುಗ ಎದ್ದು, "ಸಾರ್, ಇದಕ್ಕೆ ಕರೆಂಟೇ ಬೇಡವಲ್ಲ, ಹಾಗಾದರೆ ಇದನ್ನು ಕಾವಲಿಗೆ ಇಡಬಹುದಾ?" ಎಂದು ಕೇಳಿದ್ದ. "ಅದು ಪರೀಕ್ಷೆಗೆ ಬರುವುದಿಲ್ಲ, ಕುಳಿತುಕೋ" ಎಂದಿದ್ದೆ.

ಅದನ್ನು ಹೇಳಿದಾಗ ಅವನು ನಕ್ಕು, "ನನಗೆ ನೆನಪಿಲ್ಲ ಸಾರ್" ಎಂದ. ನನಗೆ ಮಾತ್ರ ನಗು ಬರಲಿಲ್ಲ. ಅವನು ಕೇಳಿದ್ದು ನಿಜವಾದ ಪ್ರಶ್ನೆ. ಉತ್ತರ ನನ್ನ ಕೈಯಲ್ಲೇ ಬಾಗಿ ನಿಂತಿತ್ತು.

ಚಾರ್ಜರ್ ಈಗ ಜಗಲಿಗೆ ಬಂದಿದೆ. ಸ್ವಿಚ್ ಇದೆಯೆಂದು ಹುಲ್ಲಿನ ಬಳಿ ಚಾರ್ಜಿಗೆ ಹಾಕುವ ಧೈರ್ಯ ನನಗಿಲ್ಲ, ನೀವೂ ಮಾಡಬೇಡಿ. ಹಾಗೆಯೇ, ನಾನು ಕುಳಿತುಕೋ ಎಂದು ಅಡಗಿಸಿದ ಪ್ರಶ್ನೆ ನಿಮ್ಮಲ್ಲಿ ಯಾರಿಗಾದರೂ ನೆನಪಿದ್ದರೆ ಬರೆದು ಕಳುಹಿಸಿ. ತಡವಾದರೂ ಉತ್ತರ ಹುಡುಕುತ್ತೇನೆ.