ದನಿ ಒಬ್ಬರದು, ಕುಣಿತ ಇನ್ನೊಬ್ಬರದು

ಬೋನಿ ಎಂ ತಂಡದ ಮೊದಲ ಆಲ್ಬಮ್ ‘ಟೇಕ್ ದ ಹೀಟ್ ಆಫ್ ಮಿ’ ಜರ್ಮನಿಯಲ್ಲಿ ಹೊರಬಂದದ್ದು 1976ರಲ್ಲಿ. ಅದು ಮಾಟುಂಗಾದ ನಮ್ಮ ಉಡುಪಿ ಹೋಟೆಲಿನ ಅಟ್ಟಕ್ಕೆ ಏರಲು ಮೂರು ವರ್ಷ ಹಿಡಿಯಿತು. ಬಂದದ್ದೂ ನೇರ ದಾರಿಯಲ್ಲಲ್ಲ. ದುಬೈಯಿಂದ ರಜೆಗೆ ಬಂದ ಊರಿನವರೊಬ್ಬರು ಒಂದು ಟು-ಇನ್-ಒನ್ ಮತ್ತು ನಾಲ್ಕು ಕ್ಯಾಸೆಟ್ಟುಗಳನ್ನು ನಮ್ಮಲ್ಲಿ ಮಾರಿ ಹೋದರು. ಕೊಂಡವನು ದೋಸೆ ಕಾವಲಿಯ ಅಣ್ಣ. ಮೂರು ತಿಂಗಳ ಸಂಬಳ ಹೋಯಿತು ಅಂತ ಎಲ್ಲರೂ ಬೈದರು. ಅವನು ಮಾತ್ರ, ‘ಇಡೀ ದಿನ ಕಾವಲಿಯ ಚುಂಯ್ ಚುಂಯ್ ಕೇಳುವವನಿಗೆ ರಾತ್ರಿ ಬೇರೆ ಸದ್ದು ಬೇಡವಾ ಮಾರಾಯ?’ ಎಂದು ನಕ್ಕ.

ನಾನಾಗ ಎಸ್ಸೆಸ್ಸೆಲ್ಸಿ ಮುಗಿಸಿ ಕಾರ್ಕಳದ ಕಡೆಯಿಂದ ಬಂದಿದ್ದೆ. ಹಗಲು ಮಾಣಿ ಕೆಲಸ, ಸಂಜೆ ರಾತ್ರಿಶಾಲೆ. ಹನ್ನೊಂದು ಗಂಟೆಗೆ ಶಟರ್ ಎಳೆದ ಮೇಲೆ ಅಟ್ಟದಲ್ಲಿ ಎಂಟು ಜನರ ಚಾಪೆ. ನಡುವೆ ಆ ಡಬ್ಬಿ. ‘ಡ್ಯಾಡಿ ಕೂಲ್’ ಹಾಡಿನ ಆರಂಭದಲ್ಲಿ ಟಿಕ್ ಟಿಕ್ ಅಂತ ಒಂದು ಸದ್ದು ಬರುತ್ತದಲ್ಲ, ಅದು ಯಾವ ವಾದ್ಯ ಅಂತ ನಮ್ಮಲ್ಲಿ ದಿನಾ ಚರ್ಚೆ. ಯಾವ ವಾದ್ಯವೂ ಅಲ್ಲವಂತೆ. ಹಲ್ಲಿಗೆ ಪೆನ್ಸಿಲ್ ತಟ್ಟಿ ಮಾಡಿದ್ದಂತೆ! ಇದು ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ.

ಗೊತ್ತಾದದ್ದು ಇನ್ನೂ ಇದೆ. ಪೆನ್ಸಿಲ್ ತಟ್ಟಿದವನು ಫ್ರಾಂಕ್ ಫಾರಿಯನ್ ಎಂಬ ಜರ್ಮನ್ ನಿರ್ಮಾಪಕ. ಸಂಗೀತಕ್ಕೆ ಬರುವ ಮೊದಲು ಆತ ಕಲಿತದ್ದು ಅಡುಗೆ ಕೆಲಸ. ನಮ್ಮವನೇ ಅನ್ನಿ. 1975ರಲ್ಲಿ ಸ್ಟುಡಿಯೋದಲ್ಲಿ ತಾನೇ ಒಂದು ಹಾಡು ಹಾಡಿ, ಟೀವಿಯಲ್ಲಿ ನೋಡಿದ ಆಸ್ಟ್ರೇಲಿಯಾದ ಪತ್ತೇದಾರಿ ಧಾರಾವಾಹಿಯ ನಾಯಕನ ಹೆಸರು ಹಿಡಿದು ‘ಬೋನಿ ಎಂ’ ಎಂದು ಮುದ್ರಿಸಿದ. ಹಾಡು ಓಡಿತು. ವೇದಿಕೆಗೆ ತಂಡ ಬೇಕಲ್ಲ? ತಂಡವೇ ಇರಲಿಲ್ಲ! ಆಮೇಲೆ ಹುಡುಕಿ ಕೂಡಿಸಿದ್ದು ನಾಲ್ವರನ್ನು. ಜಮೈಕಾದ ಲಿಜ್ ಮಿಚೆಲ್ ಮತ್ತು ಮಾರ್ಸಿಯಾ ಬ್ಯಾರೆಟ್, ಮಾಂಟ್ಸೆರಾಟ್ ದ್ವೀಪದ ಮೇಜಿ ವಿಲಿಯಮ್ಸ್, ಅರೂಬಾ ದ್ವೀಪದ ಬಾಬಿ ಫ್ಯಾರೆಲ್. ಹೆಣ್ಣುಮಕ್ಕಳು ಮೂವರೂ ಚಿಕ್ಕಂದಿನಲ್ಲೇ ಇಂಗ್ಲೆಂಡಿಗೆ ಹೋಗಿ ಬೆಳೆದವರು. ಬಾಬಿ ಹದಿನೈದರ ವಯಸ್ಸಿಗೆ ಮನೆ ಬಿಟ್ಟು ಹಡಗು ಸೇರಿದವನು. ಕೊನೆಗೆ ನಾಲ್ವರಿಗೂ ಅನ್ನ ಕೊಟ್ಟದ್ದು ಜರ್ಮನಿ. ಹೊಟ್ಟೆಪಾಡಿಗೆ ಊರು ಬಿಟ್ಟವರ ಕಥೆ ಎಲ್ಲ ಕಡೆಯೂ ಒಂದೇ ನೋಡಿ.

ಡಿಸ್ಕೋ ಅಂದ್ರೆ ಬರೀ ಕುಣಿತ ಅನ್ನುವವರು ಆ ಆಲ್ಬಮ್ಮನ್ನು ಕೂತು ಕೇಳಬೇಕು. ‘ಸನ್ನಿ’ ಹಾಡು ಮೂಲದಲ್ಲಿ ಬಾಬಿ ಹೆಬ್ ಎಂಬ ಅಮೆರಿಕದ ಸೋಲ್ ಗಾಯಕನದು. 1963ರ ನವೆಂಬರಿನಲ್ಲಿ ಅಧ್ಯಕ್ಷ ಕೆನಡಿಯ ಹತ್ಯೆಯಾಯಿತು; ಅದೇ ಹೊತ್ತಿಗೆ ಹೆಬ್‌ನ ಅಣ್ಣನೂ ಇರಿತಕ್ಕೆ ಬಲಿಯಾದ. ಆ ದುಃಖದ ಬೆನ್ನಿಗೇ ಬರೆದ ಬಿಸಿಲಿನ ಹಾಡು ಅದು. ‘ನೋ ವುಮನ್ ನೋ ಕ್ರೈ’ ಬಾಬ್ ಮಾರ್ಲಿಯದು, ಕಿಂಗ್‌ಸ್ಟನ್ನಿನ ಬಡವರ ವಠಾರದ ನೆನಪು. ಅದನ್ನು ಜರ್ಮನಿಯ ಸ್ಟುಡಿಯೋದಲ್ಲಿ ನಿಂತು ಜಮೈಕಾದ ಹೆಣ್ಣುದನಿ ಹಾಡುವಾಗ, ಮಾತು ಅರ್ಥವಾಗದ ನಮಗೂ ಏನೋ ಆಗುತ್ತಿತ್ತು. ಆ ಹಾಡು ಬಂದರೆ ಅಟ್ಟದಲ್ಲಿ ಯಾರೂ ಮಾತಾಡುತ್ತಿರಲಿಲ್ಲ.

ಡಿಸ್ಕೋ ಲೋಕದಲ್ಲಿ ನಮ್ಮವರೂ ಇದ್ದರು ಅನ್ನುವುದನ್ನು ಇಲ್ಲಿ ಹೇಳಿಬಿಡುತ್ತೇನೆ. ಬೆಂಗಳೂರಿನಲ್ಲಿ ಹುಟ್ಟಿದ, ಕೊಡವರ ಮನೆತನದ ಬಿದ್ದು ಲಂಡನ್ನಿಗೆ ಹೋಗಿ 1974ರಲ್ಲಿ ‘ಕುಂಗ್ ಫೂ ಫೈಟಿಂಗ್’ ಮಾಡಿದರು. ಹಾಡಿದ ಕಾರ್ಲ್ ಡಗ್ಲಸ್ ಜಮೈಕಾದಲ್ಲಿ ಹುಟ್ಟಿದವನು. 1980ರಲ್ಲಿ ‘ಕುರ್ಬಾನಿ’ಯ ನಾಜಿಯಾ ಹಸನ್ ಹಾಡು ಮುಂಬಯಿಯ ಗಲ್ಲಿಗಲ್ಲಿಯಲ್ಲಿ ಕೇಳತೊಡಗಿದಾಗ ಅದರ ಹಿಂದೆ ಇದ್ದವರೂ ಬಿದ್ದು ಅವರೇ.

ನಮ್ಮ ಅಟ್ಟದಲ್ಲಿ ಎಲ್ಲರಿಗೂ ಇಷ್ಟ ಬಾಬಿ ಫ್ಯಾರೆಲ್. ಕ್ಯಾಸೆಟ್ಟಿನ ಹೊದಿಕೆಯ ಚಿತ್ರ ನೋಡಿಯೇ ಅವನ ಅಭಿಮಾನಿಗಳಾಗಿದ್ದೆವು. ಆದರೆ ಆ ಗಡಸು ಗಂಡುದನಿ ಅವನದಲ್ಲ, ಫಾರಿಯನ್‌ದು. ಬಾಬಿ ವೇದಿಕೆಯಲ್ಲಿ ತುಟಿ ಆಡಿಸಿ ಮೈಮುರಿದು ಕುಣಿಯುತ್ತಿದ್ದ, ಅಷ್ಟೇ. ಮೇಜಿಯೂ ಧ್ವನಿಮುದ್ರಣದಲ್ಲಿ ಹಾಡಿದವಳಲ್ಲ. ಇದೇ ಫಾರಿಯನ್ ಮುಂದೆ ಮಿಲಿ ವಾನಿಲಿ ಎಂಬ ಜೋಡಿಯಲ್ಲೂ ಹೀಗೇ ಮಾಡಿ, 1990ರಲ್ಲಿ ಗುಟ್ಟು ಹೊರಬಿದ್ದು, ಆ ಹುಡುಗರ ಗ್ರ್ಯಾಮಿ ಪ್ರಶಸ್ತಿಯನ್ನೇ ವಾಪಸು ಪಡೆದರು. ಜನ ಅದನ್ನು ಮೋಸ ಅಂದರು.

ನನಗೆ ಹಾಗೆ ಸಲೀಸಾಗಿ ಅನ್ನಲಿಕ್ಕೆ ಬರುವುದಿಲ್ಲ. ಯಾಕೆ ಹೇಳುತ್ತೇನೆ ಕೇಳಿ.

ಅಟ್ಟದಲ್ಲಿ ಚೆನ್ನಾಗಿ ಕನ್ನಡ ಬರೆಯಲು ಬರುತ್ತಿದ್ದವನು ನಾನೊಬ್ಬ. ಭಾನುವಾರ ಮಧ್ಯಾಹ್ನ ಇನ್‌ಲ್ಯಾಂಡ್ ಕಾಗದ ಹಿಡಿದು ಎಲ್ಲರೂ ನನ್ನ ಮುಂದೆ. ಕಾವಲಿಯ ಅಣ್ಣ ಎರಡನೇ ಕ್ಲಾಸಿಗೆ ಶಾಲೆ ಬಿಟ್ಟವನು. ಅವನು ತುಳುವಿನಲ್ಲಿ ಹೇಳುವುದು ಎರಡೇ ಮಾತು: ‘ನಾನು ಹುಷಾರಿದ್ದೇನೆ ಅಂತ ಬರಿ. ಐವತ್ತು ರೂಪಾಯಿ ಎಂ.ಓ. ಮಾಡಿದ್ದೇನೆ ಅಂತ ಬರಿ.’ ಅಷ್ಟಕ್ಕೆ ಕಾಗದದ ಕಾಲು ಭಾಗವೂ ತುಂಬದು. ಉಳಿದ ಜಾಗಕ್ಕೆ ನಾನೇ ಬರೆಯುತ್ತಿದ್ದೆ. ಅಮ್ಮಾ, ಮಳೆ ಹೇಗಿದೆ, ನಿನ್ನ ಕಾಲುನೋವು ಹೇಗಿದೆ, ಇಲ್ಲಿ ಸಮುದ್ರ ನೋಡಿದರೆ ನಿನ್ನ ನೆನಪಾಗುತ್ತದೆ, ಹೀಗೆ. ಓದಿ ಹೇಳಿದರೆ ಅವನು ತಲೆ ತಗ್ಗಿಸಿ ಕೂರುತ್ತಿದ್ದ. ‘ಹೌದು, ಅದೇ ಅದೇ’ ಅನ್ನುತ್ತಿದ್ದ. ಊರಲ್ಲಿ ಶಾಲೆಯ ಮಾಸ್ಟ್ರು ಅದನ್ನು ಆ ತಾಯಿಗೆ ಮತ್ತೆ ತುಳುವಿನಲ್ಲಿ ಹೇಳುತ್ತಿದ್ದರು. ಉತ್ತರ ಬರೆಯುತ್ತಿದ್ದವರೂ ಅವರೇ. ಮಗನ ತುಟಿಗೆ ನನ್ನ ದನಿ, ತಾಯಿಯ ತುಟಿಗೆ ಮಾಸ್ಟ್ರ ದನಿ.

ಎರಡು ವರ್ಷದ ಮೇಲೆ ಅವನು ಊರಿಗೆ ಹೋಗಿಬಂದ. ಬಂದವನು ಹೇಳಿದ್ದು: ‘ಅಮ್ಮ ನನ್ನ ಮುಖವನ್ನೇ ನೋಡ್ತಾ ಕೂತಳು ಮಾರಾಯ. ಕಾಗದದಲ್ಲಿ ಅಷ್ಟು ಮಾತಾಡ್ತೀಯ, ಎದುರಿಗೆ ಯಾಕೆ ಬಾಯಿ ಬಿಡುವುದಿಲ್ಲ ಅಂತ ಕೇಳಿದಳು.’ ನಾನು ಏನೂ ಹೇಳಲಿಲ್ಲ. ಅವನೇ ಮುಂದುವರಿಸಿದ: ‘ನೀನು ಬರೆದದ್ದೆಲ್ಲ ನನ್ನೊಳಗೆ ಉಂಟು. ಹೊರಗೆ ಬರುವುದಿಲ್ಲ, ಅಷ್ಟೇ. ಈ ತಿಂಗಳೂ ಹಾಗೇ ಬರಿ.’

ಬರೆದೆ. ಆ ತಾಯಿ ಇರುವವರೆಗೂ ಬರೆದೆ. ಅಕ್ಷರ ನನ್ನದಿರಬಹುದು, ಆದರೆ ಕಾವಲಿಯ ಎದುರು ದಿನಕ್ಕೆ ಹನ್ನೆರಡು ತಾಸು ಬೆಂದು ಎಂ.ಓ. ಕಳಿಸಿದ ಮೈ ಅವನದೇ ತಾನೆ? ಆ ಮೈ ಇಲ್ಲದಿದ್ದರೆ ನನ್ನ ಕಾಗದಕ್ಕೆ ಏನು ಬೆಲೆ? ಬಾಬಿಯ ವಿಷಯದಲ್ಲೂ ನನಗೆ ಹೀಗೇ ಅನ್ನಿಸುತ್ತದೆ. ದೇಶದೇಶ ಸುತ್ತಿ ಬೆವರು ಸುರಿಸಿ ಕುಣಿದದ್ದು ಸುಳ್ಳಾಗಲಿಲ್ಲವಲ್ಲ. 2010ರ ಡಿಸೆಂಬರ್ 30ರಂದು ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನ ಹೋಟೆಲ್ ಕೋಣೆಯೊಂದರಲ್ಲಿ ಅವನು ತೀರಿಕೊಂಡ. ಹಿಂದಿನ ರಾತ್ರಿಯೂ ಕಾರ್ಯಕ್ರಮ ಕೊಟ್ಟಿದ್ದನಂತೆ. ದನಿ ಕೊಟ್ಟ ಫಾರಿಯನ್ 2024ರ ಜನವರಿಯಲ್ಲಿ ಹೋದ.

ಕಾವಲಿಯ ಅಣ್ಣ ಈಗ ಊರಲ್ಲಿದ್ದಾನೆ. ಎಪ್ಪತ್ತು ದಾಟಿದೆ. ಮೊಮ್ಮಗಳು ವಾಟ್ಸ್‌ಆ್ಯಪಿನಲ್ಲಿ ದನಿ ಕಳಿಸುವುದು ಕಲಿಸಿಕೊಟ್ಟಿದ್ದಾಳೆ. ವಾರಕ್ಕೊಮ್ಮೆ ಅವನಿಂದ ಮೂರು ನಾಲ್ಕು ನಿಮಿಷದ ತುಳು ಬರುತ್ತದೆ: ಅಡಿಕೆಗೆ ಕೊಳೆರೋಗ, ಮಂಡಿನೋವು, ಹಟ್ಟಿಯಲ್ಲಿ ಕರು, ನಡುವೆ ಕೆಮ್ಮು, ಹಿಂದೆ ಎಲ್ಲೋ ಕುಕ್ಕರಿನ ಸೀಟಿ. ಇಷ್ಟೊಂದು ಮಾತು ಅವನಲ್ಲಿತ್ತೇ ಅಂತ ಹೆಂಡತಿ ನಗುತ್ತಾಳೆ. ಲೋಕಲ್ ಟ್ರೇನಿನಲ್ಲಿ ಕಿವಿಗೆ ಫೋನೊತ್ತಿಕೊಂಡು ಕೇಳುತ್ತೇನೆ. ನಾನು ಅವನ ಹೆಸರಿನಲ್ಲಿ ಬರೆದ ಯಾವ ಕಾಗದವೂ ಇಷ್ಟು ಚೆನ್ನಾಗಿರಲಿಲ್ಲ.