ಬಡಿಸದುದರ ಗುಣ

ಕೆಲವರಿಗೆ ಪಿತ್ರಾರ್ಜಿತವಾಗಿ ಹೊಲ ಬರುತ್ತದೆ, ಕೆಲವರಿಗೆ ವ್ಯಾಜ್ಯ ಬರುತ್ತದೆ. ನನ್ನ ಪಾಲಿಗೆ ಬಂದುದು ಗೋಧಿಯೊಡನೆ ಹಗೆತನ. ವೈದ್ಯರು ಸೀಲಿಯಾಕ್ ಎಂದು ಕರೆಯುವ ಈ ವ್ಯಾಧಿಯ ಮೂಲ ವಂಶವಾಹಿಯಲ್ಲಿರುವುದು. ಆ ಮೂಲವುಳ್ಳವರೆಲ್ಲರನ್ನೂ ರೋಗವು ಹಿಡಿಯದಾದರೂ, ಹಿಡಿದವನ ಕರುಳು ಗೋಧಿ, ಬಾರ್ಲಿ, ರೈಗಳ ಗ್ಲೂಟೆನ್ ಎಂಬ ಅಂಟು ಸೋಕಿದೊಡನೆ ತನ್ನನ್ನು ತಾನೇ ಘಾಸಿಪಡಿಸಿಕೊಳ್ಳತೊಡಗುವುದು. ಇದಕ್ಕೆ ಆಜೀವ ಪಥ್ಯವಲ್ಲದೆ ಬೇರೆ ಮದ್ದಿಲ್ಲ.

ಇಂಥ ಕರುಳನ್ನು ಹೊತ್ತು ಹುಟ್ಟುವುದೇ ವಿಧಿಯಾದರೆ ಕಲಬುರಗಿಯಲ್ಲಿ ಹುಟ್ಟುವುದು ಲೇಸು. ಏಕೆಂದರೆ ಜೋಳದ ರೊಟ್ಟಿ, ತೊಗರಿಬೇಳೆ, ಪುಂಡಿಪಲ್ಯ, ಶೇಂಗಾ ಹಿಂಡಿಗಳ ನಮ್ಮ ಹಳೆಯ ಊಟದಲ್ಲಿ ಗೋಧಿಗೆ ಅತಿಥಿಯ ಮರ್ಯಾದೆಯಿತ್ತೇ ಹೊರತು ಯಜಮಾನಿಕೆಯಿರಲಿಲ್ಲ. ಆದರೂ ಗಿರಣಿಯಲ್ಲಿ ಮುಂಚೆ ಯಾರೋ ಗೋಧಿ ಬೀಸಿಸಿಕೊಂಡು ಹೋಗಿದ್ದರೆ ಕಲ್ಲಿನ ಸಂದಿಯಲ್ಲಿ ಉಳಿದ ಹಿಟ್ಟು ನನ್ನ ಜೋಳದೊಡನೆ ಬೆರೆತು ಬರುವುದಾದ್ದರಿಂದ, ನಮ್ಮ ಜೋಳವನ್ನು ಮನೆಯಲ್ಲಿಯೇ ಬೀಸಿಕೊಳ್ಳುತ್ತೇವೆ. ಮದುವೆಯ ಪಂಕ್ತಿಯಲ್ಲಿ ಮಾತ್ರ ಯಾವ ಉಪಾಯವೂ ನಡೆಯುತ್ತಿರಲಿಲ್ಲ. ಅತ್ತೆಯವರು ಗೋಧಿ ಹುಗ್ಗಿಯ ಸೌಟೆತ್ತಿ, “ಒಂದ್ ತುತ್ತು ಉಂಡ್ರ ಏನಾಗ್ತದೋ ತಮ್ಮಾ? ಪ್ರಸಾದ ಅಂತ ತಗೋ” ಎನ್ನುವಷ್ಟರಲ್ಲಿ ನಾನು ಎಲೆಯ ಮೇಲೆ ಅಂಗೈಯನ್ನು ಅಡ್ಡ ಹಿಡಿದರೂ, ಬೆರಳುಗಳ ನಡುವಿನಿಂದ ಹುಗ್ಗಿಯು ಇಳಿದೇ ಇಳಿಯುತ್ತಿತ್ತು.

ಕಲಬುರಗಿಯಿಂದ ಹುಮನಾಬಾದಿನ ಹಾದಿ ಹಿಡಿದರೆ ಸಿಗುವ ಕಮಲಾಪುರದ ಕೆಂಪು ಬಾಳೆ ಹೆಸರಾಂತುದು. ಆ ಹಣ್ಣಿನ ಸಿಪ್ಪೆ ಸುಲಿಯುವಾಗಲೆಲ್ಲ ನನಗೆ ನ್ಯೂಯಾರ್ಕಿನ ಶಿಶುವೈದ್ಯ ಸಿಡ್ನಿ ಹಾಸ್ ನೆನಪಾಗುತ್ತಾರೆ. ಪೋರ್ಟೊ ರಿಕೊದಲ್ಲಿ ಬ್ರೆಡ್ಡು ತಿನ್ನುವ ಪಟ್ಟಣಿಗರು ಇಂಥದೇ ವ್ಯಾಧಿಯಿಂದ ನರಳುತ್ತಿದ್ದರೆ ಬಾಳೆಹಣ್ಣನ್ನು ನೆಚ್ಚಿದ ರೈತರು ಆರೋಗ್ಯವಾಗಿದ್ದರೆಂಬುದನ್ನು ಗಮನಿಸಿದ ಆತ, 1924ರಲ್ಲಿ ಬಾಳೆಹಣ್ಣಿನ ಪಥ್ಯವನ್ನು ಪ್ರಕಟಿಸಿದರು. ಸಾಯುವಂತಿದ್ದ ಮಕ್ಕಳು ಬದುಕಿದರು, ಕೀರ್ತಿಯೆಲ್ಲ ಬಾಳೆಗೆ ಸಂದಿತು. ಗುಣವಾಯಿತೆಂದು ನಂಬಿ ಮರಳಿ ಬ್ರೆಡ್ಡಿಗೆ ಕೈಹಾಕಿದವರ ಕರುಳು ಮರಳಿ ಕೆಟ್ಟಿತು. ಕಾಪಾಡಿದುದು ತಟ್ಟೆಯಲ್ಲಿದ್ದ ಹಣ್ಣಲ್ಲ, ತಟ್ಟೆಯಲ್ಲಿಲ್ಲದ ಗೋಧಿ.

ಇದನ್ನು ಕಂಡುಹಿಡಿದವರು ಹಾಲೆಂಡಿನ ಹೇಗ್ ನಗರದ ಮಕ್ಕಳ ಆಸ್ಪತ್ರೆಯ ವಿಲ್ಲೆಮ್ ಡಿಕ್ಕೆ. ಮೊದಲೇ ಗೋಧಿಯ ಮೇಲೆ ಸಂದೇಹವಿದ್ದ ಅವರಿಗೆ 1944-45ರ ಯುದ್ಧಕಾಲದ ಕ್ಷಾಮವು ಕ್ರೂರವಾದ ಸಾಕ್ಷ್ಯವೊದಗಿಸಿತು: ಜನರು ಟ್ಯೂಲಿಪ್ ಗಡ್ಡೆಗಳನ್ನು ತಿಂದು ಜೀವ ಹಿಡಿದಿದ್ದ ಆ ಚಳಿಗಾಲದಲ್ಲಿ ಸೀಲಿಯಾಕ್ ಮಕ್ಕಳು ಚೇತರಿಸಿಕೊಂಡರು, ಬ್ರೆಡ್ಡು ಮರಳಿ ಬಂದೊಡನೆ ಮತ್ತೆ ಕುಗ್ಗಿದರು. 1950ರಲ್ಲಿ ಉಟ್ರೆಕ್ಟಿನ ವಿಶ್ವವಿದ್ಯಾಲಯಕ್ಕೆ ಅವರು ಸಲ್ಲಿಸಿದ ಪ್ರಬಂಧದ ವಿಷಯ ಇದೇ.

ಮಗಳ ಮನೆಗೆಂದು ಅದೇ ಹಾಲೆಂಡಿಗೆ ಹೋದಾಗ ಪೆಟ್ಟಿಗೆಯ ತುಂಬ ಖಡಕ್ ರೊಟ್ಟಿಗಳನ್ನು ಅರಿವೆಯಲ್ಲಿ ಸುತ್ತಿ ಒಯ್ದಿದ್ದೆ. ಒಣಗಿಸಿದ ಜೋಳದ ರೊಟ್ಟಿಗೆ ದೂರದ ಭಯವಿಲ್ಲ. ಆದರೂ ಹೊರಗಿನ ಊಟವನ್ನು ಎಷ್ಟು ದಿನವೆಂದು ತಪ್ಪಿಸಿಕೊಳ್ಳಲಾದೀತು? ಒಂದು ಸಂಜೆ ಹೋಟೆಲಿನಲ್ಲಿ ಮೀನು, ಕರಿದ ಆಲೂಗೆಡ್ಡೆಗಳನ್ನು ಹೇಳಿ ನನ್ನ ಪಥ್ಯವನ್ನು ತಿಳಿಸಿದೆ. ಬರೆದುಕೊಂಡು ಒಳಗೆ ಹೋದ ಹುಡುಗಿ ಹಿಂತಿರುಗಿ, ಅದೇ ಎಣ್ಣೆಯಲ್ಲಿ ಹಿಟ್ಟು ಮೆತ್ತಿದ ತಿನಿಸುಗಳನ್ನೂ ಕರಿಯುವುದರಿಂದ ಆಲೂಗೆಡ್ಡೆಯನ್ನು ಕೊಡಲಾಗದು, ಬೇಯಿಸಿದುದನ್ನು ತರುತ್ತೇನೆ ಎಂದಳು. 2014ರ ಡಿಸೆಂಬರಿನಿಂದ ಯುರೋಪಿನ ಒಕ್ಕೂಟದಲ್ಲಿ ಹೋಟೆಲುಗಳೂ ಹದಿನಾಲ್ಕು ಬಗೆಯ ಅಲರ್ಜಿಕಾರಕಗಳ ವಿವರ ನೀಡಬೇಕೆಂಬ ನಿಯಮವಿದೆ. ಗ್ಲೂಟೆನ್ನಿನ ಧಾನ್ಯಗಳು ಅದರಲ್ಲಿ ಸೇರಿವೆ. ಆದರೆ ಎಣ್ಣೆಯ ಬಾಣಲೆಯವರೆಗೆ ಹೋಗಿ ವಿಚಾರಿಸಿದುದು ಆ ಹುಡುಗಿಯ ಮನಸ್ಸು. ಪರಿಚಯವಿಲ್ಲದವಳೊಬ್ಬಳು ಬಡಿಸಲೊಲ್ಲೆನೆಂದುದೇ ಆ ರಾತ್ರಿ ನನಗೆ ದೊರೆತ ಅತಿಥಿಸತ್ಕಾರ.

ಊರಿಗೆ ಬಂದು ಇದನ್ನೆಲ್ಲ ವರ್ಣಿಸಿದ ಮೇಲೆ ಅತ್ತೆಯವರೂ ಕಠಿನರಾಗಿದ್ದಾರೆ. ಅಂಗಡಿಯ ಹಿಂಗಿಗೆ ಅನೇಕ ವೇಳೆ ಗೋಧಿಹಿಟ್ಟು ಬೆರೆಸಿರುತ್ತಾರೆಂದು ತಿಳಿದಂದಿನಿಂದ ಡಬ್ಬಿಯ ಮೇಲಿನ ಸಣ್ಣ ಅಕ್ಷರಗಳನ್ನು ಮೊಮ್ಮಗನಿಂದ ಓದಿಸದೆ ಬೇಳೆಗೆ ಒಗ್ಗರಣೆ ಹಾಕುವುದಿಲ್ಲ. ಹುಗ್ಗಿಯ ಪಾತ್ರೆಯಂತೂ ನನ್ನ ಪಂಕ್ತಿಯತ್ತ ಸುಳಿಯುವುದೇ ಇಲ್ಲ. ಜೋಳದ ರೊಟ್ಟಿ ಸಾಕೆಂಬ ಮಾತಿಗೆ ಮಾತ್ರ ಅವರು ಈಗಲೂ ಕಿವುಡರು. ಅದಕ್ಕೆ ಯಾವ ವೈದ್ಯರ ಚೀಟಿಯನ್ನು ತೋರಿಸಲಿ?